ಸಂತನಲ್ಲದ ನೆರೆಯವನು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತಯಾರಾಗಿ 1968ರಿಂದ 2001ರ ವರೆಗೆ ದೇಶದಾದ್ಯಂತ ಪ್ರಸಾರವಾದ ಮಕ್ಕಳ ಟಿ.ವಿ. ಕಾರ್ಯಕ್ರಮ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’. ಅದನ್ನು ನಡೆಸಿಕೊಟ್ಟ ಫ್ರೆಡ್ ರೋಜರ್ಸ್ ಕ್ರೈಸ್ತ ಪಾದ್ರಿ. ಆದರೂ ಅಲ್ಲಿ ಅವರು ಧರ್ಮಬೋಧನೆ ಮಾಡಲಿಲ್ಲ. ಸಾವು, ವಿಚ್ಛೇದನ, ಸಿಟ್ಟುಗಳ ಬಗ್ಗೆ ಮಕ್ಕಳೊಂದಿಗೆ ಮೆಲುದನಿಯಲ್ಲಿ ಮಾತನಾಡಿದರು.

ಅವರ ಕುರಿತು ಮಾರಿಯೆಲ್ ಹೆಲ್ಲರ್ 2019ರಲ್ಲಿ ನಿರ್ದೇಶಿಸಿದ ಚಿತ್ರ ‘ಎ ಬ್ಯೂಟಿಫುಲ್ ಡೇ ಇನ್ ದ ನೇಬರ್‌ಹುಡ್’. ರೋಜರ್ಸ್ ಆಗಿ ಟಾಮ್ ಹ್ಯಾಂಕ್ಸ್ ನಟಿಸಿದ್ದಾರೆ. ಆದರೆ ಕಥಾನಾಯಕ ರೋಜರ್ಸ್ ಅಲ್ಲ; ಅವರನ್ನು ಸಂದರ್ಶಿಸಲು ಬರುವ, ತಂದೆಯನ್ನು ದ್ವೇಷಿಸುವ ಪತ್ರಕರ್ತ ಲಾಯ್ಡ್.

ರೋಜರ್ಸ್‌ರನ್ನು ಸಂತನೆಂದು ಕರೆಯುವುದು ಅವರ ಪತ್ನಿಗೆ ಹಿಡಿಸುವುದಿಲ್ಲ. ಅವರಿಗೂ ಕೋಪವಿದೆ; ಧರ್ಮಗ್ರಂಥದ ಓದು, ಈಜು, ಹೆಸರು ಹಿಡಿದು ಇತರರಿಗಾಗಿ ಮಾಡುವ ಪ್ರಾರ್ಥನೆ, ಇವುಗಳಿಂದ ದಿನವೂ ಅದನ್ನು ಪಳಗಿಸುತ್ತಾರೆ. ಒಳ್ಳೆಯತನ ಹುಟ್ಟುಗುಣವಲ್ಲ, ನಿತ್ಯದ ಅಭ್ಯಾಸ ಎಂಬ ಈ ಮಾತು ನಮಗೆ ತೀರಾ ಹತ್ತಿರದ್ದು.

ನಮ್ಮ ತಕರಾರು ಬೇರೆಡೆ ಇದೆ. ಕಾಯಿಲೆಬಿದ್ದ ಹೆಂಡತಿಯನ್ನು ತೊರೆದುಹೋದ ತಂದೆಯನ್ನು ಮಗ ಕೊನೆಗೆ ಕ್ಷಮಿಸುತ್ತಾನೆ. ತೀರಿಹೋದ ತಾಯಿಯಾದರೋ ಮಗನ ಕನಸಿನಲ್ಲಿ ಬಂದು, ನಿನ್ನ ಕೋಪ ನನಗೆ ಬೇಡ ಎನ್ನುತ್ತಾಳೆ. ಅದು ಅವಳ ಮಾತೋ, ಮಗನ ಬಯಕೆಯೋ? ಮನುಷ್ಯನಿಗೆ ಎಸಗಿದ ಅನ್ಯಾಯಕ್ಕೆ ಆ ಮನುಷ್ಯನಲ್ಲೇ ಕ್ಷಮೆ ಕೇಳಬೇಕೆಂದು ನಾವು ಕಲಿತಿದ್ದೇವೆ. ಮಗ ತನ್ನ ಪಾಲಿನ ನೋವನ್ನು ಕ್ಷಮಿಸಬಹುದು; ತಾಯಿಯ ಪಾಲನ್ನಲ್ಲ. ಚಿತ್ರ ಈ ವ್ಯತ್ಯಾಸವನ್ನು ಮರೆತಿದೆ.

ಆದರೂ ನೋಡಬೇಕಾದ ಚಿತ್ರವಿದು. ಕೊನೆಯಲ್ಲಿ ಎಲ್ಲರೂ ಹೋದ ಮೇಲೆ ರೋಜರ್ಸ್ ಪಿಯಾನೋ ನುಡಿಸುತ್ತಾ ಒಮ್ಮೆಲೇ ಅದರ ಮಂದ್ರದ ಮನೆಗಳನ್ನು ಬಲವಾಗಿ ಬಡಿಯುತ್ತಾರೆ. ಯಾರ ಮೇಲೂ ಎರಗದ ಆ ಸಿಟ್ಟಿನಲ್ಲಿ ನಮಗೆ ಸಂತನಿಗಿಂತ ದೊಡ್ಡ ಮನುಷ್ಯ ಕಂಡ.