ಸಿಕ್ಕುವುದು ಬೇರೆ, ದಕ್ಕುವುದು ಬೇರೆ

ಮೊದಲು ಯಂತ್ರದ ಡ್ರಮ್ಮು, ಒಂದೇ ಸಮನೆ. ಅದರಡಿ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಬೇಸ್. ಇವೆರಡರ ಮೇಲೆ ಸಿಂಥಸೈಜರ್ ಐದೇ ಸ್ವರಗಳನ್ನು ಹಿಡಿದು ಓಡುತ್ತದೆ. ಹಿಂದೂಸ್ತಾನಿ ಬಲ್ಲವರು ಭೂಪಾಲಿ ಎನ್ನುತ್ತಾರೆ, ಕರ್ನಾಟಕ ಸಂಗೀತ ಕೇಳಿ ಬೆಳೆದವರು ಮೋಹನ ಎನ್ನುತ್ತಾರೆ. ಯೂಟ್ಯೂಬಿನಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ನಡುರಾತ್ರಿ ಈ ಧ್ವನಿಮುದ್ರಿಕೆಗೆ ಬಂದು ಮುಟ್ಟಿದವರು ಲೋಕದಾದ್ಯಂತ ಇದ್ದಾರೆ. ನಾನೂ ಹಾಗೆ ಬಂದವನೇ.

ಇದು ಚರಣಜಿತ್ ಸಿಂಗ್ ಅವರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. 1982ರಲ್ಲಿ ಎಚ್‌ಎಂವಿ ಹೊರತಂದ ಎಲ್‌ಪಿ. ಸಿಂಗ್ ಮುಂಬೈ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಗಿಟಾರು, ಬೇಸ್, ಕೀಬೋರ್ಡ್ ನುಡಿಸುತ್ತಿದ್ದವರು. ಹಾಡು ಮನೆಮನೆಗೆ ತಲುಪಿದರೂ ನುಡಿಸಿದವರ ಹೆಸರು ತಲುಪದ ಕಾಲವದು. ಸಿನಿಮಾದಲ್ಲಿ ಡಿಸ್ಕೋ ಅಬ್ಬರಿಸುತ್ತಿದ್ದಾಗ ಅವರು ತಬಲಾ, ತಂಬೂರಿಗಳನ್ನು ಬದಿಗಿಟ್ಟು ಮೂರು ರೋಲ್ಯಾಂಡ್ ಯಂತ್ರಗಳ ಮುಂದೆ ಕೂತರು: ರಾಗಕ್ಕೆ ಜುಪಿಟರ್-8, ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303. ಮುದ್ರಿಕೆ ಮಾರಾಟವಾಗಲಿಲ್ಲ. 2002ರಲ್ಲಿ ಹಾಲೆಂಡಿನ ಸಂಗ್ರಾಹಕ ಎಡೋ ಬೌಮನ್ ಅವರಿಗೆ ದೆಹಲಿಯಲ್ಲಿ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರ ‘ಬಾಂಬೆ ಕನೆಕ್ಷನ್’ ಸಂಸ್ಥೆ ಅದನ್ನು ಮತ್ತೆ ಪ್ರಕಟಿಸಿತು. ಮಿಕ್ಕ ಕೆಲಸ ಅಂತರ್ಜಾಲ ಮಾಡಿತು.

ಆದರೆ ಅಂತರ್ಜಾಲ ಹೊಸಬರನ್ನು ಕರೆತರುವಾಗ ಜೊತೆಗೊಂದು ಚೀಟಿಯನ್ನೂ ಅಂಟಿಸಿ ಕಳಿಸುತ್ತದೆ. ಸಿಂಗ್ ಅವರಿಗೆ ಅಂಟಿದ ಚೀಟಿ ‘ಆಸಿಡ್ ಹೌಸ್ ಕಂಡುಹಿಡಿದ ಭಾರತೀಯ’. ಚಿಕಾಗೋದ ಫ್ಯೂಚರ್ ತಂಡ ಇದೇ 303ರ ಗುಂಡಿಗಳನ್ನು ತಿರುವಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದು ಆ ನೃತ್ಯಸಂಗೀತ ಪ್ರಕಾರಕ್ಕೆ ಹೆಸರು ತಂದುಕೊಟ್ಟದ್ದು 1987ರಲ್ಲಿ. ಐದು ವರ್ಷ ಮೊದಲೇ ಅಂಥದೇ ನಾದ ಮುಂಬೈಯಲ್ಲಿ ಹುಟ್ಟಿತ್ತು ಎಂದು ತಿಳಿದಾಗ ಕೆಲವರು ಇದು ಯಾರೋ ಈಚೆಗೆ ಕಟ್ಟಿದ ನಕಲಿ ಎಂದೇ ಶಂಕಿಸಿದರು. ಆ ಬೆರಗು ಸಹಜ. ಆದರೆ ಚಿಕಾಗೋದ ಹುಡುಗರು ಸಿಂಗ್ ಅವರನ್ನು ಕೇಳಿರಲಿಲ್ಲ, ಸಿಂಗ್ ನೃತ್ಯಗೃಹಕ್ಕಾಗಿ ಹೊಸ ಪ್ರಕಾರ ಕಟ್ಟಲು ಹೊರಟಿರಲಿಲ್ಲ. ‘ಮೊದಲು ಮಾಡಿದವರು ಯಾರು’ ಎಂಬ ಪಂದ್ಯದಲ್ಲಿ ಅವರನ್ನು ಗೆಲ್ಲಿಸಿದರೆ, ಅವರು ನಿಜವಾಗಿ ಮಾಡಿದ್ದು ನಮ್ಮ ಕೈತಪ್ಪುತ್ತದೆ.

ಅವರು ಮಾಡಿದ್ದೇನು? 303 ಬೇಸ್ ಗಿಟಾರಿಗೆ ಬದಲಿಯಾಗಿ ಬಂದ ಯಂತ್ರ. ಆ ಕೆಲಸದಲ್ಲಿ ಅದು ಸೋತಿತು, ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವಿತ್ತು. ಮೀಂಡ್ ಕೇಳಿ ಪಳಗಿದ ಕಿವಿಗೆ ಆ ಜಾರು ಎಷ್ಟು ಹತ್ತಿರದ್ದು! ಇನ್ನೊಂದು ಮಾತು. ಪಾಶ್ಚಾತ್ಯ ಹಾಡಿನಲ್ಲಿ ಬೇಸ್ ಕಾರ್ಡುಗಳ ಬೆನ್ನು ಹತ್ತಿ ನೆಲೆ ಬದಲಿಸುತ್ತಾ ಹೋಗುತ್ತದೆ. ರಾಗಕ್ಕೆ ಕಾರ್ಡಿನ ಹಂಗಿಲ್ಲ, ಷಡ್ಜ ಊರಿ ನಿಂತಿರುತ್ತದೆ. ಸುತ್ತಿದಲ್ಲೇ ಸುತ್ತುವ ಯಂತ್ರಕ್ಕೆ ಅಂಥದೇ ಸಂಗೀತ ಬೇಕಿತ್ತು. ತಂಬೂರಿ ಬಿಟ್ಟುಹೋದ ಜಾಗದಲ್ಲಿ ಆ ಬೇಸ್ ಕೂತಿತು. ಈ ಮುದ್ರಿಕೆಯ ನಿಜವಾದ ಸಾಧನೆ ಇದು. ಚಿಕಾಗೋದ ಹೆಸರೆತ್ತದೆಯೇ ಇದನ್ನು ಹೇಳಬಹುದು, ಕೇಳಬಹುದು.

ಸೋಲುಗಳೂ ಇವೆ. ಭೂಪಾಲಿ, ಕಲಾವತಿ, ಮಾಲ್‌ಕೌಂಸ್, ಬೈರಾಗಿ ಗೆಲ್ಲುತ್ತವೆ. ನಮ್ಮ ಕಡೆಯ ಮೋಹನ, ವಲಚಿ, ಹಿಂದೋಳ, ರೇವತಿಗಳಿಗೆ ಸಮನಾದ ಐದು ಸ್ವರದ ರಾಗಗಳಿವು. ಸ್ವರಗಳ ನಡುವೆ ಬಯಲಿದೆ, ಓಟಕ್ಕೆ ಜಾಗವಿದೆ. ತೋಡಿಗೆ ಬಂದಾಗ ಕಥೆ ಬೇರೆ. ತೋಡಿಯ ಗಾಂಧಾರ ಬರಿಯ ಕೋಮಲವಲ್ಲ, ಅದಕ್ಕೂ ಒಂದು ಕೂದಲೆಳೆ ಕೆಳಗೆ ನಿಂತು ಅಲುಗುತ್ತದೆ. ತೋಡಿಯ ನೋವಿರುವುದು ಆ ಕೂದಲೆಳೆಯಲ್ಲಿ. ಕೀಲಿಮಣೆಗೆ ಆ ಜಾಗ ಗೊತ್ತಿಲ್ಲ. ಹಾರ್ಮೋನಿಯಂ ಬಗ್ಗೆ ಎದ್ದ ಹಳೆಯ ತಕರಾರೂ ಇದರ ನೆಂಟನೇ. ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಸಿಂಗ್ ಅವರ ತೋಡಿ ಕೇಳಿದಾಗ ಆ ತಕರಾರಿನಲ್ಲಿ ಹುರುಳಿತ್ತು ಎನ್ನಿಸುತ್ತದೆ. ಮೇಘ ಮಲ್ಹಾರದಲ್ಲೂ ಕೊರತೆ ಕಾಣುತ್ತದೆ. ಮೋಡ ಕವಿಯಲು ವಿಲಂಬಿತ ಬೇಕು. ಇಲ್ಲಿ ಹತ್ತೂ ರಾಗಗಳಿಗೆ ಹೆಚ್ಚುಕಡಿಮೆ ಒಂದೇ ನಡೆ, ತಲಾ ಐದು ನಿಮಿಷದ ಆಸುಪಾಸು. ಡ್ರಮ್ಮು ಬಿಡುವು ಕೊಡುವುದಿಲ್ಲ, ಮೋಡ ಕವಿಯುವ ಮುನ್ನವೇ ಟ್ರ್ಯಾಕ್ ಮುಗಿಯುತ್ತದೆ.

ಧಾರವಾಡದ ಮೆಹಫಿಲ್‌ಗಳ ನೆನಪು ಇನ್ನೂ ಹಸಿಯಾಗಿರುವ ನಾಡಿನ ಕೇಳುಗರು ಈ ಗೆಲುವನ್ನೂ ಸೋಲನ್ನೂ ಗುರುತಿಸಬಲ್ಲರು. ಬರ್ಲಿನ್ನಿನ ಡಿಜೆ 303ರ ನಾದವನ್ನು ನಮಗಿಂತ ಚೆನ್ನಾಗಿ ಬಲ್ಲ, ಆ ಗಾಂಧಾರವನ್ನು ನಾವು ಬಲ್ಲೆವು. ಆದರೂ ಈ ಮುದ್ರಿಕೆಯ ಬಗ್ಗೆ ಹೊರಗಿನವರ ಮೆಚ್ಚುಗೆಯನ್ನೇ ನಾವೂ ಹಂಚಿಕೊಂಡು ಸುಮ್ಮನಾಗುತ್ತೇವೆ. ನನಗೆ ಬೇಸರ ತರುವುದು ಇದು.

ಹುಡುಕಾಟ ಇನ್ನೂ ಮುಂದೆ ಹೋಗಬಲ್ಲದು ಎಂಬುದಕ್ಕೆ ಇಥಿಯೋಪಿಯಾದ ಕೀಬೋರ್ಡ್ ವಾದಕ ಹೈಲು ಮೆರ್ಜಿಯಾ ಸಾಕ್ಷಿ. ಅವರ 1985ರ ಕ್ಯಾಸೆಟ್ಟೊಂದು ‘ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ’ ಸಂಸ್ಥೆ ನಡೆಸುವ ಬ್ರಯಾನ್ ಶಿಮ್ಕೊವಿಟ್ಜ್ ಅವರಿಗೆ ಬಹಿರ್ ದಾರ್ ಪಟ್ಟಣದಲ್ಲಿ ಸಿಕ್ಕಿತು. ಮೆರ್ಜಿಯಾ ಆಗ ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 2013ರಲ್ಲಿ ಕ್ಯಾಸೆಟ್ಟು ಮರುಪ್ರಕಟವಾಯಿತು. ಅವರು ಮತ್ತೆ ವೇದಿಕೆ ಏರಿದರು, 2018ರಲ್ಲಿ ‘ಲಾಲಾ ಬೆಲು’ ಎಂಬ ಹೊಸ ಸಂಗೀತವನ್ನೇ ಕೊಟ್ಟರು. ಕೇಳುಗರು ಹಳೆಯ ಅಚ್ಚರಿಯನ್ನು ಮೆಚ್ಚಿ ನಿಲ್ಲದೆ, ಬದುಕಿರುವ ಕಲಾವಿದನಿಗೆ ಮುಂದಿನ ಕೆಲಸ ಕೊಟ್ಟರು. ಸಿಂಗ್ ಅವರೂ ಕೊನೆಯ ವರ್ಷಗಳಲ್ಲಿ ಯುರೋಪಿನಲ್ಲಿ ನುಡಿಸಿ ಬಂದರು. ಆದರೆ ಜನ ಕೇಳಿದ್ದು ಆ ಹತ್ತು ರಾಗಗಳನ್ನೇ. 2015ರಲ್ಲಿ ಅವರು ತೀರಿಕೊಂಡರು.

ಅಪರಿಚಿತ ಕಲಾವಿದರನ್ನು ನಮ್ಮ ಮುಂದೆ ತಂದು ನಿಲ್ಲಿಸುವ ಅಂತರ್ಜಾಲಕ್ಕೆ ನಾನು ಋಣಿ. ಅದಿಲ್ಲದಿದ್ದರೆ ಈ ಮುದ್ರಿಕೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಸಿಕ್ಕಿದ್ದು ದಕ್ಕಬೇಕಾದರೆ ಮುಂದಿನದಕ್ಕೆ ಜಿಗಿಯುವ ಬೆರಳನ್ನು ತಡೆಯಬೇಕು. ಸಿಂಗ್ ಅವರ ತೋಡಿ ಮುಗಿದ ಮೇಲೆ ನಾನು ಮಲ್ಲಿಕಾರ್ಜುನ ಮನ್ಸೂರರ ತೋಡಿ ಹಾಕಿದೆ. ಆ ಗಾಂಧಾರ ಬಂದಾಗ ಸಿಂಗ್ ಬಿಟ್ಟದ್ದೇನೆಂದು ತಿಳಿಯಿತು. ಮತ್ತೆ ಸಿಂಗ್ ಅವರ ಭೂಪಾಲಿಗೆ ಮರಳಿದೆ. ಬೇಸ್ ಜಾರಿ ಷಡ್ಜಕ್ಕೆ ಬಂದು ಕೂತಾಗ ಅವರು ಹಿಡಿದದ್ದೇನೆಂಬುದೂ ತಿಳಿಯಿತು.