ಅಟ್ಟವನ್ನು ನೋಡುವ ಕಣ್ಣು

ತುರುವೇಕೆರೆಗೆ ನೆಂಟರು ಬಂದರೆ ನಾವು ಮೂಲೆ ಶಂಕರೇಶ್ವರ ದೇವಾಲಯವನ್ನು ತೋರಿಸುತ್ತೇವೆ. 13ನೇ ಶತಮಾನದ ಹೊಯ್ಸಳರ ಕೆಲಸ, ತೋರಿಸಲೇಬೇಕು. ಆದರೆ ತೋಟದ ಮನೆಯ ಕೊಬ್ಬರಿ ಅಟ್ಟವನ್ನು ಯಾರಿಗೂ ತೋರಿಸುವುದಿಲ್ಲ. ಕೆತ್ತನೆಯಿದ್ದರೆ ಕಲೆ, ಕೆಲಸಕ್ಕೆ ಬಂದರೆ ಬರೀ ಸಾಮಾನು ಎಂಬ ಎಣಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಹೀಗಾಗಿ ದಿನವೂ ಮುಟ್ಟುವ ವಸ್ತುಗಳ ಹಿಂದಿನ ಬುದ್ಧಿವಂತಿಕೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅಟ್ಟದ ಕೆಲಸವನ್ನು ಸ್ವಲ್ಪ ಗಮನಿಸೋಣ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅದರ ಮೇಲೆ ಹರಡುತ್ತಾರೆ. ಎತ್ತರದಲ್ಲಿರುವುದರಿಂದ ನೆಲದ ತೇವ ತಾಗುವುದಿಲ್ಲ. ಹಾಸಿನ ಸಂದುಗಳಿಂದ ಗಾಳಿ ಆಡುತ್ತದೆ. ಸಿಪ್ಪೆಯೇ ಹೊದಿಕೆಯಾಗಿ, ತಿರುಳು ಒಮ್ಮೆಲೇ ಒಣಗಿ ಬಿರಿಯದಂತೆ ಕಾಯುತ್ತದೆ. 8ರಿಂದ 12 ತಿಂಗಳಲ್ಲಿ ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಗುಟ್ಟುತ್ತದೆ. ತಿಪಟೂರು ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಹೀಗೆ ಆದದ್ದು. ಯಂತ್ರವಿಲ್ಲ, ಕರೆಂಟಿಲ್ಲ. ಕೊನೆಗೆ ಸಿಪ್ಪೆ ನಾರಾಗುತ್ತದೆ, ಕರಟ ಸೌದೆಯೋ ಇದ್ದಿಲೋ ಆಗುತ್ತದೆ. ಎಸೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಹೀಗೆ ನೋಡುವುದನ್ನು ಹೊರಗಿನವರೂ ನಮಗೆ ನೆನಪಿಸಿದ್ದುಂಟು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ಲೋಟಾವನ್ನು. ಉರ್ದುವಿನ ಲೋಟಾ ಕನ್ನಡದಲ್ಲಿ ಕುಡಿಯುವ ಲೋಟವಲ್ಲ, ಚೊಂಬು. ಅದು ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ಹೇಗೆ ಸುರಿಯಬೇಕು, ತೊಳೆಯಲು ಕೈ ಒಳಗೆ ಹೋದೀತೇ, ಬೆಲೆ ಎಷ್ಟಾದೀತು ಎಂಬಂಥ ಪ್ರಶ್ನೆಗಳನ್ನು ಅವರು ಎತ್ತಿದರು. ಯಾವೊಬ್ಬನೂ ಅದನ್ನು ಒಂಟಿಯಾಗಿ ರೂಪಿಸಿರಲಾರ, ತಲೆಮಾರುಗಳ ಕೈ ಅದನ್ನು ತಿದ್ದಿದೆ ಎಂದರು. ನಮ್ಮ ಮನೆಗಳಲ್ಲಿ ವಜೂಗೆ ಬಳಸುವ ಟೋಂಟಿಯ ಲೋಟಾ ಕನ್ನಡದ ಗಿಂಡಿಯ ಬಂಧು. ತೆಳ್ಳಗೆ ಸುರಿಯುವ ಆ ಮೂತಿಯೇ ನೀರಿನ ಮಿತವ್ಯಯ. ನಲ್ಲಿ ತಿರುಗಿಸಿ ಬಿಟ್ಟವರಿಗೆ ಈ ಲೆಕ್ಕ ಮರೆತುಹೋಗುತ್ತದೆ.

ಇತ್ತೀಚೆಗೆ ಹಳೆಯದರ ಬಗ್ಗೆ ಪ್ರೀತಿ ಹೆಚ್ಚಿದೆಯಲ್ಲ ಎನ್ನಬಹುದು. ಮೇಳಗಳಲ್ಲಿ ವಾರ್ನಿಶ್ ಬಳಿದ ಕರಟದ ಗೊಂಬೆಗಳನ್ನು ಕೊಂಡು ಷೋಕೇಸಿನಲ್ಲಿಡುತ್ತೇವೆ. ಹಿಡಿಯ ಕಡ್ಡಿ ಮುರಿದರೆ ಮತ್ತೊಂದು ಸಿಕ್ಕಿಸಿಕೊಳ್ಳಬಹುದಾದ ಕರಟದ ಸೌಟು ಮಾತ್ರ ಅಡುಗೆಮನೆಯಿಂದ ಹೊರಬಿದ್ದಿದೆ. ಇದು ಮೆಚ್ಚುಗೆಯಲ್ಲ, ಅಲಂಕಾರ.

ಇದಕ್ಕೆ ತಿರುಗಾದ ತಪ್ಪೂ ಇದೆ. ಹಳೆಯದೆಲ್ಲ ಒಳ್ಳೆಯದೆಂದು ಹಾಡಿಹೊಗಳುವವರು ತುರಿಮಣೆಯ ಮೇಲೆ ಕೂತವರ ಮಂಡಿಯನ್ನು ಕೇಳಿಲ್ಲ. ಗರಿಕಡ್ಡಿಯ ಪೊರಕೆ ಮಣ್ಣಿನಲ್ಲಿ ಹುಟ್ಟಿ ಮಣ್ಣಿಗೇ ಸೇರುತ್ತದೆ, ನಿಜ. ಆದರೆ ಅಂಗಳ ಗುಡಿಸುವ ಹೆಂಗಸು ಅದಕ್ಕಾಗಿ ಸೊಂಟ ಬಗ್ಗಿಸಬೇಕು. ಬಾಳಿಕೆಯ ಮಾತನ್ನು ವಸ್ತುವಿಗಷ್ಟೇ ಅಲ್ಲ, ಬಳಸುವವರ ಮೈಗೂ ಅನ್ವಯಿಸಬೇಕಲ್ಲವೇ? ಪೊರಕೆಗೊಂದು ಉದ್ದನೆಯ ಕೋಲು ಕಟ್ಟಿದರೆ ಪರಂಪರೆ ಕೆಡುವುದಿಲ್ಲ. ಅಡುಗೆಕಟ್ಟೆಗೆ ಬಿಗಿದು ನಿಂತೇ ತಿರುಗಿಸುವ ಕಾಯಿ ತುರಿಯುವ ಸಾಧನವೂ ಒಳ್ಳೆಯ ವಿನ್ಯಾಸವೇ.

ಅಟ್ಟಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದು ವರ್ಷದ ತಾಳ್ಮೆಯನ್ನು ಬೇಡುತ್ತದೆ. ಕೈಸಾಲದಲ್ಲಿರುವ ಸಣ್ಣ ರೈತ ಅಷ್ಟು ಕಾಯಲಾರದೆ ಕಾಯಿಯನ್ನೇ ಮಾರಿಬಿಡುತ್ತಾನೆ. ಆಗ ಅಟ್ಟ ಖಾಲಿಯಾಗುವುದು ಅಭಿರುಚಿ ಕೆಟ್ಟದ್ದರಿಂದಲ್ಲ, ಕೈಯಲ್ಲಿ ಕಾಸಿಲ್ಲದ್ದರಿಂದ. ಬೆಲೆಯ ಭರವಸೆಯಿಲ್ಲದೆ ಬರೀ ವಿನ್ಯಾಸವನ್ನು ಉಳಿಸಲಾಗದು.

ಉರ್ದುವಿನಲ್ಲಿ ಸಲೀಖಾ ಎಂಬ ಮಾತಿದೆ. ಕನ್ನಡದ ಒಪ್ಪ, ಓರಣ, ಹದ ಮೂರೂ ಅದರೊಳಗೆ ಸೇರುತ್ತವೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಕಲಿಯಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳಿಂದ ಹೂಜಿಯ ಚಿತ್ರ ಬರೆಸುತ್ತೇವೆ. ಅದರ ಕತ್ತು ಏಕೆ ಸಣ್ಣದು, ಮೈ ಏಕೆ ಬೆವರುತ್ತದೆ ಎಂದು ಕೇಳುವುದಿಲ್ಲ. ಅಲ್ಲಿಂದಲೇ ಶುರುಮಾಡಬಹುದು.