ದಿವಾನರನ್ನು ಓದುವ ಬಗೆ
ತರೀಕೆರೆಯ ಹೊಸ ರಸಿಕರಿಗೊಂದು ಕೈಪಿಡಿ

ಜೀವನಚರಿತ್ರೆ ಎಂದೊಡನೆ ಹುಟ್ಟಿದೂರು, ಓದಿದ ಶಾಲೆ, ಏರಿದ ಹುದ್ದೆ, ಹೊದ್ದ ಶಾಲು ಇಷ್ಟನ್ನೇ ನಿರೀಕ್ಷಿಸುವವರು ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ ಕೈಗೆತ್ತಿಕೊಂಡರೆ ಮೊದಲಿಗೆ ತಬ್ಬಿಬ್ಬಾಗುತ್ತಾರೆ. ಎಂಟು ಸಂಪುಟ. ದಿವಾನರು, ಸಂಗೀತಗಾರರು, ವೈದಿಕರು, ಪತ್ರಿಕೆಯವರು ಎಲ್ಲರೂ ಅಲ್ಲಿದ್ದಾರೆ. ಇಸವಿ ಕಡಿಮೆ, ಮಾತುಕತೆ ಜಾಸ್ತಿ. ಎಲ್ಲವನ್ನೂ ಕ್ರಮವಾಗಿ ಓದಿ ಮುಗಿಸುತ್ತೇನೆಂದು ಹಟ ಹಿಡಿಯಬೇಡಿ. ತರೀಕೆರೆಯವರಾದ ನಮಗೆ ‘ಮೈಸೂರಿನ ದಿವಾನರು’ ಸಂಪುಟವೇ ಸರಿಯಾದ ಬಾಗಿಲು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ನಮ್ಮೂರಿನ ಮೇಲೆ ಹಾದದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆ ಸೇರಿದ್ದರ ಹಿಂದೆ ವಿಶ್ವೇಶ್ವರಯ್ಯನವರಿದ್ದಾರೆ. ಈ ಹೆಸರುಗಳು ನಮಗೆ ಪಠ್ಯಪುಸ್ತಕದವಲ್ಲ, ಮನೆಯ ಹತ್ತಿರದವು.

ಬರೆದವರು ಯಾರೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಗ್ಗದ ಕವಿ ಎಂದಷ್ಟೇ ಗೊತ್ತಿದ್ದರೆ ಸಾಲದು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪ ಮೆಟ್ರಿಕ್ಯುಲೇಷನ್ನನ್ನೇ ದಾಟಲಿಲ್ಲ. ಆದರೆ ಪತ್ರಿಕೆ ನಡೆಸುತ್ತ ರಾಜಕೀಯ ಕಲಿತರು, ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿ ಕೂತರು, ‘ರಾಜ್ಯಶಾಸ್ತ್ರ’ ಎಂಬ ಗ್ರಂಥ ಬರೆದರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಗೋಖಲೆಯವರ ಚರಿತ್ರೆ, ದಿವಾನ್ ರಂಗಾಚಾರ್ಲು ಅವರ ಚರಿತ್ರೆ ಗುಂಡಪ್ಪನವರ ಕೈಯಿಂದಲೇ ಬಂದವು. ಶಾಸ್ತ್ರ ಬಿಟ್ಟು ಚರಿತ್ರೆಗೆ ಬಂದವರಲ್ಲ. ಶಾಸ್ತ್ರದ ಕಣ್ಣನ್ನು ಹೊತ್ತೇ ಬಂದವರು.

ಆ ಕಣ್ಣನ್ನು ಹಿಡಿಯುವುದು ಹೇಗೆ? ಓದುವಾಗ ಪ್ರತಿ ಪ್ರಸಂಗದಲ್ಲೂ ಒಂದು ಪ್ರಶ್ನೆ ಕೇಳಿ: ಇದು ಕಂಡದ್ದೋ, ಕೇಳಿದ್ದೋ? ರಂಗಾಚಾರ್ಲು ತೀರಿಕೊಂಡದ್ದು 1883ರಲ್ಲಿ, ಗುಂಡಪ್ಪ ಹುಟ್ಟುವ ನಾಲ್ಕು ವರ್ಷ ಮೊದಲು. ಅಲ್ಲಿ ಆಧಾರ ಕಡತ ಮತ್ತು ಹಿರಿಯರ ಬಾಯಿಮಾತು. ವಿಶ್ವೇಶ್ವರಯ್ಯನವರ ಎದುರಾದರೋ ಲೇಖಕರು ತಾವೇ ಕೂತು ಮಾತಾಡಿದ್ದಾರೆ. ಇಬ್ಬರನ್ನೂ ಬೆನ್ನುಬೆನ್ನಿಗೆ ಓದಿದರೆ ವ್ಯತ್ಯಾಸ ಕಿವಿಗೇ ಬೀಳುತ್ತದೆ: ಒಂದು ಕಡೆ ತೂಗಿ ಆಡುವ ಮಾತು, ಇನ್ನೊಂದು ಕಡೆ ಎದುರಿಗಿರುವವರ ದನಿ.

ದನಿ ಎಂದೆ. ತೆಲುಗು, ತಮಿಳು, ಇಂಗ್ಲಿಷ್ ಮಾತುಗಳನ್ನು ಆಡಿದ ಹಾಗೆಯೇ ಇಟ್ಟುಬಿಡುವುದು ಗುಂಡಪ್ಪನವರ ರೂಢಿ. ಅರ್ಥವಾಗಲಿಲ್ಲವೆಂದು ಹಾರಿಸಬೇಡಿ, ಗಟ್ಟಿಯಾಗಿ ಓದಿ. ಹಳೆಯ ಮೈಸೂರಿನ ಪಡಸಾಲೆಗಳಲ್ಲಿ ಎಷ್ಟು ಭಾಷೆ ಓಡಾಡುತ್ತಿದ್ದವು ಎಂಬುದು ಹಾಗೆ ಓದಿದಾಗಲೇ ತಿಳಿಯುವುದು.

ಇನ್ನೊಂದು ಸೂಕ್ಷ್ಮ. 1881ರ ಅಕ್ಟೋಬರ್ 7ರಂದು ಮೊದಲು ಸೇರಿದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ಮುಂದೆ ಅಹವಾಲು ಹೇಳಬಹುದಿತ್ತು, ಅಷ್ಟೆ. ಕೇಳುವವನ ಮನಸ್ಸು ಚೆನ್ನಾಗಿದ್ದರೆ ಸಭೆ ನಡೆಯುತ್ತದೆ, ಇಲ್ಲದಿದ್ದರೆ ಬರೀ ಜಾತ್ರೆ. ಹಾಗಾಗಿ ದಿವಾನನ ಸ್ವಭಾವವೇ ರಾಜ್ಯಾಂಗದ ಅರ್ಧ ಭಾಗ. ಸಿಡುಕು, ತಾಳ್ಮೆ, ಊಟ, ಹಾಸ್ಯ ಇವನ್ನೆಲ್ಲ ಲೇಖಕರು ಗಮನಿಸಿದ್ದು ಹರಟೆಗಾಗಿ ಅಲ್ಲ ಎಂಬುದು ಇಲ್ಲಿ ಹೊಳೆಯುತ್ತದೆ. (ಹರಟೆಯ ರುಚಿಯೂ ಇದೆ, ಅದನ್ನು ಬಿಟ್ಟುಕೊಡಬೇಕಿಲ್ಲ.)

ನನಗೊಂದು ತಕರಾರೂ ಇದೆ. ಈ ಬರಹಗಳು ಕಚೇರಿ ಮತ್ತು ಪಡಸಾಲೆ ಬಿಟ್ಟು ಬಹಳ ದೂರ ಹೋಗುವುದಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಕೆಮ್ಮಣ್ಣುಗುಂಡಿಯ ಚಳಿಮಳೆಯಲ್ಲಿ ಮಣ್ಣು ಅಗೆದ ಕೈಗಳ ಚರಿತ್ರೆ ಯಾರದು? ಆ ಕೊರತೆಗೆ ಮದ್ದು ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ನಮ್ಮದೇ ತಾಲೂಕಿನ ಸಮತಳದಲ್ಲಿ 1959ರಲ್ಲಿ ಹುಟ್ಟಿದ ರಹಮತ್ ತರೀಕೆರೆ ಸೂಫಿಗಳನ್ನೂ ನಾಥಪಂಥವನ್ನೂ ಹುಡುಕಿ ಊರೂರು ಅಲೆದ ವಿದ್ವಾಂಸರು. ಅವರೇ ಅಮೀರ್‌ಬಾಯಿ ಕರ್ನಾಟಕಿಯ ಜೀವನಚರಿತ್ರೆಯನ್ನೂ ಬರೆದರು. ಬೀಳಗಿಯ ಈ ಗಾಯಕಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶದಾದ್ಯಂತ ಹೆಸರಾದವರು, 1965ರಲ್ಲಿ ತೀರಿಕೊಂಡವರು. ಆಗ ಅವರ ಚರಿತ್ರಕಾರರಿಗೆ ಆರು ವರ್ಷವೂ ತುಂಬಿರಲಿಲ್ಲ. ದಿವಾನರಿಗೆ ಕಡತಗಳಿರುತ್ತವೆ, ಹಾಡುವ ಹೆಂಗಸಿಗೆ ಉಳಿಯುವುದು ಗ್ರಾಮಫೋನ್ ತಟ್ಟೆ ಮತ್ತು ಊರವರ ನೆನಪು. ಅಂಥದ್ದರಿಂದ ಒಂದು ಬಾಳನ್ನು ಕಟ್ಟುವುದು ಬೇರೆಯದೇ ಕಸುಬು.

ಹಾಗಾಗಿ ಮೊದಲು ವಿಶ್ವೇಶ್ವರಯ್ಯ, ಆಮೇಲೆ ರಂಗಾಚಾರ್ಲು, ಮೂರನೆಯದಾಗಿ ಅಮೀರ್‌ಬಾಯಿ. ಪುಸ್ತಕ ತೆರೆಯುವ ಮುನ್ನ ಆಕೆಯ ಒಂದು ಹಾಡು ಕೇಳಿಕೊಳ್ಳಿ.